ಟಾಂಗಾದಿಂದ ಆ್ಯಪ್‌ವರೆಗೆ: ಬಾಡಿಗೆ ಬಂಡಿಯ ಲೆಕ್ಕ

ಬೆಂಗಳೂರು, ಪುಣೆಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಹಬ್ಬಕ್ಕೆಂದು ಊರಿಗೆ ಬಂದಾಗ ಓಲಾ ಒಳ್ಳೆಯದೋ ಉಬರ್ ಒಳ್ಳೆಯದೋ ಎಂದು ವಾದಿಸುವುದುಂಟು. ಹಿಂದಿನ ಆಸನದಲ್ಲಿ ಕೂಡುವವನ ಉತ್ತರ ಒಂದಾದರೆ, ಸ್ಟಿಯರಿಂಗ್ ಹಿಡಿದವನ ಉತ್ತರ ಬೇರೊಂದು. ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗದ ತರುಣನೊಬ್ಬ ಸಾಲ ಮಾಡಿ ಗಾಡಿ ಕೊಂಡು ದೊಡ್ಡ ಊರಿನ ದಾರಿ ಹಿಡಿಯುವ ಮುನ್ನ ಈ ಎರಡೂ ಉತ್ತರಗಳನ್ನು ತಿಳಿದಿರುವುದು ಒಳಿತು. ಅದಕ್ಕಾಗಿ ಸ್ವಲ್ಪ ಇತಿಹಾಸ ನೋಡೋಣ.

ಬಾಡಿಗೆ ಬಂಡಿಯ ವ್ಯವಹಾರದಲ್ಲಿ ಎಂದಿಗೂ ಮೂರು ಪ್ರಶ್ನೆಗಳಿವೆ. ಗಿರಾಕಿಯನ್ನೂ ಬಂಡಿಯನ್ನೂ ಕೂಡಿಸುವವರು ಯಾರು? ದರ ನಿಗದಿ ಮಾಡುವವರು ಯಾರು? ತಪ್ಪು ನಡೆದರೆ ಹೊಣೆ ಯಾರದು? ಟಾಂಗಾದ ಕಾಲದಲ್ಲಿ ಕೂಡಿಸುತ್ತಿದ್ದುದು ನಿಲ್ದಾಣದ ಕಟ್ಟೆ. ದರವನ್ನು ತೀರ್ಮಾನಿಸುತ್ತಿದ್ದುದು ಚೌಕಾಶಿ. ಚೌಕಾಶಿಯಲ್ಲಿ ಪರವೂರಿನವನು ಸೋಲುವುದು ಸಹಜ. ಆದ್ದರಿಂದ ಸರ್ಕಾರ ನಡುವೆ ಪ್ರವೇಶಿಸಿತು. ನಮ್ಮ ಜಿಲ್ಲೆ ಅಂದು ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಬಾಡಿಗೆ ವಾಹನಗಳ ಕುರಿತು 1863ರಲ್ಲಿಯೇ ಕಾಯ್ದೆಯಾಯಿತು. 1891ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಬ್ರೂನ್ ಟ್ಯಾಕ್ಸಿಮೀಟರನ್ನು ರೂಪಿಸಿದ ಮೇಲೆ ದರ ಯಂತ್ರದ ಮುಖದ ಮೇಲೆ ಕಾಣತೊಡಗಿತು. ಇಬ್ಬರೂ ನೋಡಬಹುದಾದ ಅಂಕಿ ಅದು. ಅದೇ ಅದರ ಹೆಚ್ಚುಗಾರಿಕೆ.

ನಮ್ಮ ಕಡೆಯ ಟಂಟಂ, ಟ್ರ್ಯಾಕ್ಸ್‌ಗಳು ಮೀಟರಿನ ಗೊಡವೆಗೇ ಹೋಗಲಿಲ್ಲ. ಸೀಟಿಗಿಷ್ಟು ಎಂಬ ದರ ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಸೀಟು ತುಂಬುವವರೆಗೆ ಕಾಯಬೇಕು. ಅಲ್ಲಿ ಪ್ರಯಾಣಿಕನು ತೆರುವುದು ಹಣಕ್ಕಿಂತ ಹೆಚ್ಚಾಗಿ ಸಮಯವನ್ನು. ಆ ಕಾಯುವಿಕೆಯನ್ನು ತಪ್ಪಿಸುತ್ತೇವೆಂಬುದೇ ಆ್ಯಪ್ ಕಂಪನಿಗಳ ಮೊದಲ ವಾಗ್ದಾನವಾಗಿತ್ತು.

ಓಲಾ 2010ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಬಳಿಕ ಬೆಂಗಳೂರಿಗೆ ಬಂದಿತು. ಟ್ಯಾಕ್ಸಿಫಾರ್‌ಶ್ಯೂರ್ 2011ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿತು. ಅಮೆರಿಕದ ಉಬರ್ 2013ರಲ್ಲಿ ಭಾರತಕ್ಕೆ ಕಾಲಿಟ್ಟಾಗ ಆರಿಸಿಕೊಂಡ ಮೊದಲ ನಗರವೂ ಬೆಂಗಳೂರೇ. ಮೂವರ ಪೈಪೋಟಿಯಲ್ಲಿ ಪ್ರಯಾಣಿಕನಿಗೆ ರಿಯಾಯಿತಿ, ಚಾಲಕನಿಗೆ ಪ್ರೋತ್ಸಾಹಧನ ಎರಡೂ ದೊರೆತವು. ಇಬ್ಬರಿಗೂ ಏಕಕಾಲಕ್ಕೆ ಲಾಭವಾಗುತ್ತಿದೆ ಎಂದರೆ ಮೂರನೆಯವನೊಬ್ಬ ನಷ್ಟ ಹೊರುತ್ತಿದ್ದಾನೆ ಎಂದೇ ಅರ್ಥ. ಇಲ್ಲಿ ಅದನ್ನು ಹೊತ್ತದ್ದು ಬಂಡವಾಳ ಹೂಡಿದವರ ಹಣ. ಅಂತಹ ಹಣ ಬಹುಕಾಲ ನಷ್ಟದಲ್ಲಿ ಕೂಡುವುದಿಲ್ಲ. 2015ರ ಮಾರ್ಚಿನಲ್ಲಿ ಓಲಾ ಸುಮಾರು 20 ಕೋಟಿ ಡಾಲರಿಗೆ ಟ್ಯಾಕ್ಸಿಫಾರ್‌ಶ್ಯೂರನ್ನು ಕೊಂಡಿತು. ಪೈಪೋಟಿ ಇಬ್ಬರಿಗಿಳಿಯಿತು, ಪ್ರೋತ್ಸಾಹಧನ ಕರಗತೊಡಗಿತು. ಅದನ್ನೇ ಆದಾಯವೆಂದು ನಂಬಿ ಗಾಡಿಯ ಸಾಲ ಮಾಡಿದ ಚಾಲಕರು 2017ರ ಫೆಬ್ರುವರಿಯಲ್ಲಿ ಬೆಂಗಳೂರು, ದೆಹಲಿಗಳಲ್ಲಿ ಮುಷ್ಕರ ಹೂಡಿದರು.

ಈ ನಡುವೆ 2016ರಲ್ಲಿ ಕರ್ನಾಟಕ ಸರ್ಕಾರ ಇಂತಹ ಕಂಪನಿಗಳಿಗೆ ಪರವಾನಗಿ ಕಡ್ಡಾಯ ಮಾಡಿ ನಿಯಮಗಳನ್ನು ತಂದಿತು. ಆದರೂ ಆಟೋಗಳ ವಿಷಯದಲ್ಲಿ ತಕರಾರು ಉಳಿಯಿತು. 2022ರಲ್ಲಿ ಬೆಂಗಳೂರಿನ ಆಟೋಗಳಿಗೆ ಸರ್ಕಾರದ ಕನಿಷ್ಠ ದರ ಮೊದಲ 2 ಕಿಲೋಮೀಟರಿಗೆ 30 ರೂಪಾಯಿ. ಆ್ಯಪ್‌ಗಳಲ್ಲಿ 100 ರೂಪಾಯಿಯವರೆಗೆ ಪಡೆಯುತ್ತಿದ್ದಾರೆಂಬ ದೂರುಗಳು ಬಂದು, ಅಕ್ಟೋಬರಿನಲ್ಲಿ ಸಾರಿಗೆ ಇಲಾಖೆ ಆ್ಯಪ್ ಆಟೋ ಸೇವೆಯನ್ನೇ ನಿಲ್ಲಿಸಲು ಸೂಚಿಸಿತು. ಪ್ರಕರಣ ಹೈಕೋರ್ಟಿಗೆ ಹೋಯಿತು. ನವೆಂಬರಿನಲ್ಲಿ ಸರ್ಕಾರವು ನಿಗದಿತ ದರದ ಮೇಲೆ ಶೇಕಡಾ 5 ಸೇವಾಶುಲ್ಕ ಮತ್ತು ಜಿಎಸ್‌ಟಿ ಎಂದು ಗೊತ್ತುಮಾಡಿತು.

ಅದೇ ನವೆಂಬರಿನಲ್ಲಿ ಆಟೋ ಚಾಲಕರ ಸಂಘವೊಂದರ ಸಹಯೋಗದಲ್ಲಿ ಜಸ್‌ಪೇ ಸಂಸ್ಥೆ ‘ನಮ್ಮ ಯಾತ್ರಿ’ಯನ್ನು ಹೊರತಂದಿತು. ಇದರಲ್ಲಿ ಪ್ರತಿ ಸವಾರಿಯ ಮೇಲೆ ಕಮಿಷನ್ ಇರಲಿಲ್ಲ. 2023ರಲ್ಲಿ ದಿನಕ್ಕೆ 25 ರೂಪಾಯಿಯ ಚಂದಾ ಬಂದಿತು. ಮುಂದೆ ರ‍್ಯಾಪಿಡೊ, ಓಲಾಗಳೂ, 2025ರ ಫೆಬ್ರುವರಿಯಲ್ಲಿ ಉಬರೂ ಆಟೋಗಳಿಗೆ ಕಮಿಷನ್ ಬಿಟ್ಟು ಚಂದಾ ಪದ್ಧತಿಗೆ ಬಂದವು.

ಗಣಿತದ ತರಗತಿಯಂತೆ ಇಲ್ಲೊಂದು ಲೆಕ್ಕ ಮಾಡೋಣ. ಚಾಲಕನೊಬ್ಬ ದಿನಕ್ಕೆ 1,500 ರೂಪಾಯಿ ದುಡಿದನೆಂದು ಇಟ್ಟುಕೊಳ್ಳಿ. ಕಮಿಷನ್ ಶೇಕಡಾ 20 ಆದರೆ 300 ರೂಪಾಯಿ ಹೋಗುತ್ತದೆ. ಚಂದಾ ಆದರೆ 25. ಚಂದಾ ಲೇಸೆಂಬುದು ಸ್ಪಷ್ಟ. ಆದರೆ ಮಳೆಯ ದಿನ 100 ರೂಪಾಯಿಯಷ್ಟೇ ದುಡಿದರೆ? ಕಮಿಷನ್ 20 ರೂಪಾಯಿ, ಚಂದಾ 25. ಕಮಿಷನ್ ಪಡೆಯುವವನು ಚಾಲಕನ ಕೆಟ್ಟ ದಿನದಲ್ಲಿಯೂ ಪಾಲುದಾರ. ಚಂದಾ ಪಡೆಯುವವನು ಹಾಗಲ್ಲ. ಮೇಲಾಗಿ ಚಂದಾ ಪದ್ಧತಿಯಲ್ಲಿ ಹಣ ನೇರವಾಗಿ ಚಾಲಕನ ಕೈಗೆ ಸೇರುವುದರಿಂದ, ತಕರಾರು ಬಂದಾಗ ‘ನಾವು ಕೂಡಿಸಿದವರಷ್ಟೇ’ ಎನ್ನಲು ಕಂಪನಿಗೆ ಸುಲಭ. ಪ್ರಯಾಣಿಕನಿಗೆ ಇದು ಸಣ್ಣ ಮಾತಲ್ಲ. ಮೂರನೆಯ ಪ್ರಶ್ನೆ, ಹೊಣೆ ಯಾರದೆಂಬುದು, ಇಲ್ಲಿ ಮತ್ತೆ ತಲೆ ಎತ್ತುತ್ತದೆ.

ಬೈಕ್ ಟ್ಯಾಕ್ಸಿಯ ಕಥೆಯೂ ಪಾಠ ಹೇಳುವಂಥದ್ದು. ಕಡಿಮೆ ದರ, ಕಿರಿದಾದ ರಸ್ತೆಯಲ್ಲಿಯೂ ನುಸುಳುವ ಸೌಕರ್ಯ, ಪ್ರಯಾಣಿಕರಿಗೆ ಪ್ರಿಯವಾಯಿತು. ಆದರೆ ಕಾನೂನಿನ ಚೌಕಟ್ಟು ಸಿದ್ಧವಿರಲಿಲ್ಲ. ಹೈಕೋರ್ಟಿನ ಆದೇಶದಂತೆ 2025ರ ಜೂನ್ 16ರಿಂದ ರಾಜ್ಯದಲ್ಲಿ ಅವು ನಿಂತವು. ಆ ದಿನ ದುಡಿಮೆ ಕಳೆದುಕೊಂಡದ್ದು ಬೈಕಿನ ಕಂತು ಕಟ್ಟುತ್ತಿದ್ದ ಹುಡುಗರು. ಅದೇ ವರ್ಷ ರಾಜ್ಯವು ಗಿಗ್ ಕಾರ್ಮಿಕರ ಕಲ್ಯಾಣ ಕಾಯ್ದೆಯನ್ನು ಮಾಡಿ, ಕಂಪನಿಗಳಿಂದ ಶೇಕಡಾ 1ರಿಂದ 5ರವರೆಗೆ ಕಲ್ಯಾಣಶುಲ್ಕ ಪಡೆಯಲು ಅವಕಾಶ ಕಲ್ಪಿಸಿದ್ದು ಸಮಾಧಾನದ ಸಂಗತಿ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಊರಿನ ಮಾತಿಗೆ ಬರುತ್ತೇನೆ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ರೈತರು ಸಾಲಕ್ಕಾಗಿ ಸಹಕಾರಿ ಸಂಘ ಕಟ್ಟಿದರು. 1969ರಲ್ಲಿ ನಮ್ಮ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸ್ಥಾಪನೆಯಾಯಿತು. ರಾಜ್ಯದಲ್ಲಿ ಸದಸ್ಯರ ಸಂಘವೇ ವಿದ್ಯುತ್ ಹಂಚುವ ಏರ್ಪಾಡು ಬೇರೆಲ್ಲಿಯೂ ಇಲ್ಲ. ತಂತಿಯ ಒಡೆತನ ಬಳಸುವವರದಾಗಬಹುದಾದರೆ, ಆ್ಯಪಿನ ಒಡೆತನ ಓಡಿಸುವವರದಾಗಬಾರದೇಕೆ? ಈ ವಿಚಾರ ಕನಸಾಗಿಯೇ ಉಳಿದಿಲ್ಲ. 2025ರಲ್ಲಿ ಟ್ಯಾಕ್ಸಿ ಚಾಲಕರಿಗಾಗಿ ಬಹುರಾಜ್ಯ ಸಹಕಾರಿ ಸಂಘವೊಂದು ದೆಹಲಿಯಲ್ಲಿ ನೋಂದಣಿಯಾಗಿ ‘ಭಾರತ್ ಟ್ಯಾಕ್ಸಿ’ಯ ಸಿದ್ಧತೆ ನಡೆಸಿತು. ಸಹಕಾರವೆಂದೊಡನೆ ಎಲ್ಲವೂ ಸರಿಯಾಗುವುದಿಲ್ಲವೆಂಬುದನ್ನು ಸಕ್ಕರೆ ಕಾರ್ಖಾನೆಗಳ ನಾಡಿನವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸದಸ್ಯರು ಸಭೆಗೆ ಹೋಗಬೇಕು, ಲೆಕ್ಕ ಕೇಳಬೇಕು.

ಪ್ರಯಾಣಿಕರಾದವರು ಎರಡು ಆ್ಯಪ್‌ಗಳ ದರ ಹೋಲಿಸುವುದರ ಜೊತೆಗೆ ದೂರು ಕೇಳುವವರು ಯಾರೆಂಬುದನ್ನೂ ನೋಡಿಕೊಳ್ಳಿ. ಚಾಲಕರಾಗಲು ಹೊರಟವರು ಇಂದಿನ ಪ್ರೋತ್ಸಾಹಧನವನ್ನು ಲೆಕ್ಕದಿಂದ ತೆಗೆದು, ಉಳಿದ ದುಡಿಮೆಯಲ್ಲಿ ಇಂಧನ, ರಿಪೇರಿ, ವಿಮೆ ಕಳೆದು, ಕಂತು ಕಟ್ಟಲು ಸಾಧ್ಯವೇ ಎಂದು ಕಾಗದದ ಮೇಲೆ ಬರೆದು ನೋಡಿ. ಸಾಧ್ಯವಾದರೆ ಮಾತ್ರ ಸಾಲದ ಅರ್ಜಿಗೆ ಸಹಿ ಹಾಕಿ.