ಒಂದು ಶಾಸನಪದದ ಅರ್ಥಚರಿತ್ರೆ: ಉದ್ಯೋಗ ಕಾಯಿದೆಯಲ್ಲಿ ‘ಲಿಂಗ’

ಇಂಗ್ಲಿಷಿನ ‘ಸೆಕ್ಸ್’, ‘ಜೆಂಡರ್’ ಎಂಬ ಎರಡು ಪದಗಳಿಗೂ ಕನ್ನಡದಲ್ಲಿ ನಾವು ಬಹುಕಾಲ ‘ಲಿಂಗ’ ಎಂಬ ಒಂದೇ ಪದವನ್ನು ಬಳಸುತ್ತ ಬಂದೆವು. ದೇಹಭೇದಕ್ಕೂ ಅದೇ, ವ್ಯಾಕರಣಕ್ಕೂ ಅದೇ; ‘ಲಿಂಗತ್ವ’ವೆಂಬುದು ಈಚಿನ ಟಂಕನ. ಈ ಅರ್ಥಗಳ ನಡುವಣ ಗೆರೆ ಯಾವುದೆಂಬ ನಿಘಂಟಿನ ಪ್ರಶ್ನೆಯೇ ಅಮೆರಿಕದ ನ್ಯಾಯಾಲಯಗಳಲ್ಲಿ ಅನೇಕರ ಅನ್ನದ ಪ್ರಶ್ನೆಯಾಯಿತು.

1964ರ ನಾಗರಿಕ ಹಕ್ಕುಗಳ ಕಾಯಿದೆಯ ಏಳನೆಯ ಅಧ್ಯಾಯವು ಉದ್ಯೋಗದಲ್ಲಿ ಜನಾಂಗ, ವರ್ಣ, ಮತ, ರಾಷ್ಟ್ರಮೂಲಗಳ ಕಾರಣದಿಂದ ತಾರತಮ್ಯ ಮಾಡುವುದನ್ನು ನಿಷೇಧಿಸಿತು. ಇದಕ್ಕೆ ‘ಸೆಕ್ಸ್’ ಎಂಬ ಪದವನ್ನು ಸೇರಿಸಬೇಕೆಂದು ಆ ವರ್ಷದ ಫೆಬ್ರುವರಿ 8ರಂದು ತಿದ್ದುಪಡಿ ತಂದವರು ವರ್ಜೀನಿಯದ ಹೋವರ್ಡ್ ಸ್ಮಿತ್. ಅವರು ಮೂಲ ಮಸೂದೆಯ ವಿರೋಧಿಗಳು! ಮಸೂದೆಯನ್ನು ಮುಳುಗಿಸಲು ಹೀಗೆ ಮಾಡಿದರೇ, ಮಹಿಳಾ ಸಂಘಟನೆಯ ಒತ್ತಾಯಕ್ಕೆ ಮನಗೊಟ್ಟರೇ ಎಂಬುದು ಇತಿಹಾಸಕಾರರಲ್ಲಿ ಇನ್ನೂ ವಿವಾದಗ್ರಸ್ತ. ಪದವೇನೋ ಉಳಿಯಿತು, ಅದರ ವ್ಯಾಖ್ಯೆಯನ್ನು ಮಾತ್ರ ಯಾರೂ ಬರೆಯಲಿಲ್ಲ.

ಈಸ್ಟರ್ನ್ ಏರ್‌ಲೈನ್ಸಿನಲ್ಲಿ 1968ರಿಂದ ವಿಮಾನಚಾಲಕರಾಗಿದ್ದ ಕರೆನ್ ಉಲೇನ್ ಶಸ್ತ್ರಚಿಕಿತ್ಸೆಯ ಅನಂತರ ಹೆಣ್ಣಾಗಿ ಕೆಲಸಕ್ಕೆ ಮರಳಬಯಸಿದಾಗ, 1981ರಲ್ಲಿ ವಜಾಗೊಂಡರು. ವಿಚಾರಣಾ ನ್ಯಾಯಾಲಯ ಅವರ ಪರ ನಿಂತಿತು. 1984ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿ, ಪದಕ್ಕೆ ವಿಶಾಲಾರ್ಥ ಬೇಕಿದ್ದರೆ ಅದನ್ನು ಶಾಸನಸಭೆಯೇ ಕೊಡಬೇಕೆಂದಿತು. 1964ರ ಶಾಸಕರ ಮನಸ್ಸಿನಲ್ಲಿ ಇಲ್ಲದ್ದು ಪದದಲ್ಲಿಯೂ ಇಲ್ಲವೆಂಬುದು ಆ ತರ್ಕ. ಹೆಚ್ಚಿನ ಚರ್ಚೆಯಿಲ್ಲದೆ ಸೇರಿದ ಪದವೊಂದರ ಹಿಂದೆ ಅಷ್ಟು ಖಚಿತವಾದ ‘ಉದ್ದೇಶ’ವನ್ನು ಕಂಡುದು ನಮಗೆ ವಿಚಿತ್ರವೆನಿಸುತ್ತದೆ.

1989ರ ಪ್ರೈಸ್ ವಾಟರ್‌ಹೌಸ್ ತೀರ್ಪು ಹೊಸ ದಾರಿ ತೆರೆಯಿತು. ಆ್ಯನ್ ಹಾಪ್ಕಿನ್ಸ್ ಎಂಬ ಸಮರ್ಥ ಉದ್ಯೋಗಿ ಲೆಕ್ಕಪರಿಶೋಧನಾ ಸಂಸ್ಥೆಯ ಪಾಲುದಾರರಾಗಬೇಕಾದರೆ ಹೆಣ್ಣಿನಂತೆ ನಡೆಯಬೇಕು, ಆಭರಣ ತೊಡಬೇಕು ಎಂಬ ಸಲಹೆ ಬಂದಿತ್ತು. ಹೆಣ್ಣು ಹೀಗೆಯೇ ಇರಬೇಕೆಂಬ ಅಪೇಕ್ಷೆಯೂ ಲಿಂಗತಾರತಮ್ಯವೇ ಎಂದು ಸರ್ವೋಚ್ಚ ನ್ಯಾಯಾಲಯ ಒಪ್ಪಿತು.

ಇದಕ್ಕಿಂತಲೂ ಸ್ವಾರಸ್ಯಕರವಾದುದು 2008ರ ಶ್ರೋಯರ್ ಪ್ರಕರಣ. ನಿವೃತ್ತ ಸೈನ್ಯಾಧಿಕಾರಿ ಡಯಾನ್ ಶ್ರೋಯರ್ ಅವರಿಗೆ ಲೈಬ್ರರಿ ಆಫ್ ಕಾಂಗ್ರೆಸ್ ನೀಡಿದ್ದ ಕೆಲಸವನ್ನು, ಅವರು ಹೆಣ್ಣಾಗಿ ಬಾಳಲಿರುವರೆಂದು ತಿಳಿದೊಡನೆ, ಹಿಂತೆಗೆದುಕೊಳ್ಳಲಾಯಿತು. ನ್ಯಾಯಾಧೀಶ ರಾಬರ್ಟ್‌ಸನ್ ಮತಾಂತರದ ದೃಷ್ಟಾಂತವನ್ನಿತ್ತರು. ಕ್ರೈಸ್ತರ ಮೇಲೂ ಯೆಹೂದ್ಯರ ಮೇಲೂ ದ್ವೇಷವಿಲ್ಲ, ಮತಾಂತರಗೊಂಡವರನ್ನು ಮಾತ್ರ ಒಲ್ಲೆನೆಂದು ಮಾಲೀಕನೊಬ್ಬ ವಾದಿಸಿದರೆ, ಅದು ಮತತಾರತಮ್ಯವಲ್ಲವೆಂದು ಯಾರೂ ಹೇಳಲಾರರು. ಲಿಂಗದ ವಿಷಯದಲ್ಲಿಯೂ ನ್ಯಾಯ ಅದೇ.

2020ರ ಜೂನ್ 15ರಂದು ಸರ್ವೋಚ್ಚ ನ್ಯಾಯಾಲಯ ಬಾಸ್ಟಾಕ್ ಪ್ರಕರಣದಲ್ಲಿ 6–3ರ ಬಹುಮತದಿಂದ ಇದೇ ನಿರ್ಣಯಕ್ಕೆ ಬಂದಿತು. ಅದರೊಡನೆ ವಿಚಾರಣೆಗೊಂಡ ಪ್ರಕರಣವೊಂದರ ಕಕ್ಷಿಗಾರ್ತಿ, ಮಿಷಿಗನ್ನಿನ ಅಂತ್ಯಸಂಸ್ಕಾರ ಸಂಸ್ಥೆಯ ಉದ್ಯೋಗಿಯಾಗಿದ್ದ ಏಮಿ ಸ್ಟೀಫನ್ಸ್, 2013ರಲ್ಲಿ ಕೆಲಸ ಕಳೆದುಕೊಂಡವರು. ತೀರ್ಪಿಗೆ ಒಂದು ತಿಂಗಳು ಮೊದಲೇ, ಮೇ 12ರಂದು, ಅವರು ತೀರಿಕೊಂಡಿದ್ದರು. ಬಹುಮತದ ತೀರ್ಪನ್ನು ಬರೆದ ಗೋರ್ಸಚ್ ಅವರು ‘ಸೆಕ್ಸ್’ ಪದದ ಅರ್ಥವನ್ನು ಹಿಗ್ಗಿಸಲಿಲ್ಲವೆಂಬುದೇ ಗಮನಾರ್ಹ. ಅದು ಜೈವಿಕ ಭೇದವೇ ಎಂದು ವಾದಕ್ಕಾಗಿ ಒಪ್ಪಿಕೊಂಡು, ‘ಕಾರಣದಿಂದ’ ಎಂಬ ಮಾತನ್ನು ಹಿಡಿದರು: ಹೆಣ್ಣಾಗಿ ಹುಟ್ಟಿದವಳಲ್ಲಿ ಸಹಿಸುವ ಗುಣಕ್ಕಾಗಿ ಗಂಡಾಗಿ ಹುಟ್ಟಿದವರನ್ನು ತೆಗೆದುಹಾಕಿದರೆ, ಅಲ್ಲಿ ಲಿಂಗವೇ ಕಾರಣ. ಅಲಿಟೋ ತಮ್ಮ ಭಿನ್ನಮತಕ್ಕೆ ನಿಘಂಟುಗಳ ಅರ್ಥವಿವರಣೆಗಳನ್ನೇ ಅನುಬಂಧವಾಗಿ ಜೋಡಿಸಿದರು.

ನಾಮಪದವನ್ನು ಬಿಟ್ಟು ಕಾರಣಸೂಚಕವನ್ನು ಹಿಡಿದ ಈ ಉಪಾಯ ಮೊಕದ್ದಮೆಯನ್ನು ಗೆಲ್ಲಿಸಿತು, ಪದವನ್ನು ಅನಿರ್ಣೀತವಾಗಿಯೇ ಬಿಟ್ಟಿತು. ಶೌಚಾಲಯ, ಉಡುಪಿನ ನಿಯಮಗಳನ್ನು ತಾನು ನಿರ್ಣಯಿಸುತ್ತಿಲ್ಲವೆಂದು ತೀರ್ಪೇ ಹೇಳಿದೆ. ಆ ತೆರವಿನಲ್ಲಿಯೇ 2025ರ ಜನವರಿ 20ರ ಅಧ್ಯಕ್ಷೀಯ ಆದೇಶವು ‘ಸೆಕ್ಸ್’ ಎಂದರೆ ಬದಲಾಗದ ಜೈವಿಕ ವರ್ಗೀಕರಣವೆಂದು ವ್ಯಾಖ್ಯಾನಿಸಿತು.

ಭಾರತದ ಸರ್ವೋಚ್ಚ ನ್ಯಾಯಾಲಯ ಹಿಡಿದುದು ನೇರ ಹಾದಿ. 2014ರ ಏಪ್ರಿಲ್ 15ರ ನಾಲ್ಸಾ ತೀರ್ಪು, ಸಂವಿಧಾನದ 15 ಮತ್ತು 16ನೆಯ ಅನುಚ್ಛೇದಗಳ ‘ಲಿಂಗ’ದಲ್ಲಿ ಲಿಂಗತ್ವ ಅಸ್ಮಿತೆಯೂ ಅಡಕವೆಂದಿತು. 2019ರ ಕೇಂದ್ರ ಕಾಯಿದೆಯ 9ನೆಯ ಪ್ರಕರಣ ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸಿತು. 2021ರಲ್ಲಿ ಕರ್ನಾಟಕ ತನ್ನ ನೇಮಕಾತಿ ನಿಯಮಗಳನ್ನು ತಿದ್ದಿ ಪ್ರತಿ ಪ್ರವರ್ಗದಲ್ಲಿಯೂ ಶೇ. 1ರಷ್ಟು ಹುದ್ದೆಗಳನ್ನು ಮೀಸಲಿಟ್ಟಿತು. ಅರ್ಜಿಯಲ್ಲಿ ಪುರುಷ, ಮಹಿಳೆ ಎಂಬುವುಗಳ ಪಕ್ಕದಲ್ಲಿ ‘ಇತರೆ’ ಎಂಬ ಅಂಕಣವನ್ನೂ ಕಡ್ಡಾಯಗೊಳಿಸಿತು. ಅರ್ಹ ಅಭ್ಯರ್ಥಿ ದೊರೆಯದಿದ್ದರೆ ಆ ಹುದ್ದೆ ಅದೇ ಪ್ರವರ್ಗದ ಪುರುಷನಿಗೋ ಮಹಿಳೆಗೋ ಹೋಗತಕ್ಕದ್ದು.