ಐದು ಮೈಲಿ, ಯಾವ ಕಡೆಗೆ?

2020ರ ಜುಲೈ ತಿಂಗಳು. ಫ್ರಾನ್ಸಿನ ಶಾಮೊನಿ ಊರಿನ ಮೇಲಿನ ಬೆಟ್ಟದಲ್ಲಿ ಚಿಕ್ಕ ಹೋಟೆಲ್ ನಡೆಸುವವರೊಬ್ಬರಿಗೆ ಕರಗುತ್ತಿದ್ದ ಹಿಮನದಿಯ ಬಳಿ ಒದ್ದೆ ಪತ್ರಿಕೆಗಳ ಕಟ್ಟೊಂದು ಸಿಕ್ಕಿತು. ಹರವಿ ಒಣಗಿಸಿ ನೋಡಿದರೆ ಅಕ್ಷರಗಳು ಇನ್ನೂ ಓದುವಂತಿದ್ದವು. ‘ನ್ಯಾಷನಲ್ ಹೆರಾಲ್ಡ್’, ‘ಎಕನಾಮಿಕ್ ಟೈಮ್ಸ್’. ಎಲ್ಲವೂ 1966ರ ಜನವರಿಯವು. ಇಂದಿರಾ ಗಾಂಧಿ ದೇಶದ ಮೊದಲ ಮಹಿಳಾ ಪ್ರಧಾನಿಯಾಗುವ ಸುದ್ದಿ ಅವುಗಳಲ್ಲಿತ್ತು. ಐವತ್ತನಾಲ್ಕು ವರ್ಷ ಮಂಜುಗಡ್ಡೆಯೊಳಗಿದ್ದ ಸುದ್ದಿ ಅದು.

ಆ ಪತ್ರಿಕೆಗಳನ್ನು ಹೊತ್ತಿದ್ದ ವಿಮಾನ ಬಾಂಬೆಯ ಸಾಂತಾಕ್ರೂಜ್‌ನಿಂದ ಹೊರಟಿತ್ತು. ಏರ್ ಇಂಡಿಯಾದ ಬೋಯಿಂಗ್ 707, ಹೆಸರು ‘ಕಾಂಚನಜುಂಗಾ’. 1966ರ ಜನವರಿ 24ರ ಬೆಳಿಗ್ಗೆ ಅದು ಮಾಂಟ್ ಬ್ಲಾಂಕ್ ಶಿಖರಕ್ಕೆ ಬಡಿದು ಅದರಲ್ಲಿದ್ದ 117 ಜನರೂ ಸತ್ತರು. ಅವರಲ್ಲಿ ಒಬ್ಬರು ಹೋಮಿ ಭಾಭಾ. ಆ ಒಂದು ಹೆಸರಿನಿಂದಾಗಿ ಈ ಅಪಘಾತದ ಬಗ್ಗೆ ಇಂದಿಗೂ ಸಂಚಿನ ಕಥೆಗಳು ಹುಟ್ಟುತ್ತಲೇ ಇವೆ. ಆದರೆ ತನಿಖೆ ಕೊನೆಗೆ ಮುಟ್ಟಿದ್ದು ಒಂದು ಸಣ್ಣ ಮಾತನ್ನು. ಒಬ್ಬರು ಹೇಳಿದ್ದು ಒಂದು, ಇನ್ನೊಬ್ಬರಿಗೆ ಕೇಳಿಸಿದ್ದು ಇನ್ನೊಂದು.

ಈ ಬೆಟ್ಟಕ್ಕೂ ಬಾಂಬೆಗೂ ಅದಕ್ಕೆ ಹದಿನೈದು ವರ್ಷ ಹಿಂದೆಯೇ ನಂಟು ಬಿದ್ದಿತ್ತು. ಸ್ವಾತಂತ್ರ್ಯ ಬಂದು ವರ್ಷ ತುಂಬುವ ಮೊದಲೇ, 1948ರ ಜೂನ್ 8ರಂದು, ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ಮೊದಲ ವಿಮಾನ ಬಾಂಬೆಯಿಂದ ಕೈರೋ, ಜಿನೀವಾ ದಾರಿಯಾಗಿ ಲಂಡನ್ನಿಗೆ ಹಾರಿತು. ಲಾಕ್‌ಹೀಡ್ ಕಾನ್‌ಸ್ಟಲೇಶನ್ ಜಾತಿಯ, ನಾಲ್ಕು ಎಂಜಿನಿನ ಆ ವಿಮಾನದ ಹೆಸರು ‘ಮಲಬಾರ್ ಪ್ರಿನ್ಸೆಸ್’. ಅದರಲ್ಲಿ ಜೆ. ಆರ್. ಡಿ. ಟಾಟಾ ಇದ್ದರು. ಹೊಸ ದೇಶ ತನ್ನ ಬಾವುಟ ಬಳಿದ ವಿಮಾನವನ್ನು ಯುರೋಪಿಗೆ ಕಳಿಸಿದ ದಿನ ಅದು.

ಎರಡು ವರ್ಷದ ನಂತರ, 1950ರ ನವೆಂಬರ್ 3ರಂದು, ಅದೇ ವಿಮಾನ ಅದೇ ದಾರಿಯಲ್ಲಿ ಹೊರಟಿತ್ತು. 40 ಪ್ರಯಾಣಿಕರು, 8 ಸಿಬ್ಬಂದಿ. ಪ್ರಯಾಣಿಕರಲ್ಲಿ ಬಹುಪಾಲು ಜನ ಭಾರತದ ಹಡಗು ಕೆಲಸಗಾರರು, ಇಂಗ್ಲೆಂಡಿನಲ್ಲಿ ಹಡಗು ಹತ್ತಬೇಕಾಗಿದ್ದವರು. ಸಮುದ್ರದಲ್ಲಿ ಬದುಕು ಕಳೆಯುವವರನ್ನು ಬೇಗ ತಲುಪಿಸಲು ಆಕಾಶದ ದಾರಿ ಹಿಡಿಸಲಾಗಿತ್ತು. ಕೈರೋದಿಂದ ಜಿನೀವಾಕ್ಕೆ ಇಳಿಯುವ ಹೊತ್ತಿಗೆ ಆಲ್ಪ್ಸ್ ಮೇಲೆ ಬಿರುಗಾಳಿ. ಬೆಳಿಗ್ಗೆ 10.43ರ ಸುಮಾರಿಗೆ ಬಂದ ಕೊನೆಯ ಸಂದೇಶದಲ್ಲಿ ಪೈಲಟ್ ತಾನಿರುವ ಜಾಗ ಹೇಳಿ, ಎತ್ತರ 4,700 ಮೀಟರ್ ಎಂದರು. ಮಾಂಟ್ ಬ್ಲಾಂಕ್‌ನ ಎತ್ತರ ಸುಮಾರು 4,807 ಮೀಟರ್. ವಿಮಾನ ಅಪ್ಪಳಿಸಿದ್ದು ಶಿಖರದ ಹತ್ತಿರದ ಟೂರ್ನೆಟ್ ಬಂಡೆಗಳಿಗೆ, 4,670 ಮೀಟರಿನ ಆಸುಪಾಸಿನಲ್ಲಿ. ಎತ್ತರದ ಲೆಕ್ಕ ತಪ್ಪಿರಲಿಲ್ಲ, ತಪ್ಪಿದ್ದು ಜಾಗ. ಅಷ್ಟು ಎತ್ತರದಲ್ಲಿ ಬೇರೆ ಯಾವ ಊರಿನ ಮೇಲಿದ್ದರೂ ಆ 48 ಜನ ಬದುಕುತ್ತಿದ್ದರು.

ಹಿಮಗಾಳಿಯಿಂದಾಗಿ ಎರಡು ದಿನ ಅವಶೇಷಗಳೂ ಕಾಣಿಸಲಿಲ್ಲ. ಶಾಮೊನಿಯಿಂದ ಹುಡುಕಲು ಹೊರಟ ಬೆಟ್ಟದ ಮಾರ್ಗದರ್ಶಕ ರೆನೆ ಪಾಯೋ ದಾರಿಯಲ್ಲೇ ಹಿಮಕ್ಕೆ ಬಲಿಯಾದರು. ಗುರುತು ಪರಿಚಯವಿಲ್ಲದ ಬಾಂಬೆಯ ಪ್ರಯಾಣಿಕರಿಗಾಗಿ ಸತ್ತ ನಲವತ್ತೊಂಬತ್ತನೆಯ ಜೀವ ಅದು. ಈ ಘಟನೆಯ ಎಳೆ ಹಿಡಿದು ಫ್ರೆಂಚ್ ಲೇಖಕ ಆಂರಿ ತ್ರೊಯಾ ಕಾದಂಬರಿ ಬರೆದರು, 1956ರಲ್ಲಿ ಅದು ಹಾಲಿವುಡ್ ಸಿನಿಮಾ ಕೂಡ ಆಯಿತು. ಹಡಗು ಕೆಲಸಗಾರರ ಹೆಸರುಗಳು ಮಾತ್ರ ಯಾರ ಬಾಯಲ್ಲೂ ಉಳಿಯಲಿಲ್ಲ.

ಏರ್ ಇಂಡಿಯಾ ಬೆಳೆಯಿತು. 1960ರ ದಶಕದಲ್ಲಿ ಅದರ ಬಳಿ ಬೋಯಿಂಗ್ ಜೆಟ್‌ಗಳಿದ್ದವು, ಅವುಗಳಿಗೆ ಹಿಮಾಲಯದ ಶಿಖರಗಳ ಹೆಸರಿತ್ತು. 1966ರ ಜನವರಿಯಲ್ಲಿ ದೇಶ ತತ್ತರಿಸಿತ್ತು. 11ರಂದು ಸೋವಿಯತ್ ಒಕ್ಕೂಟದ ತಾಷ್ಕೆಂಟಿನಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ತೀರಿಕೊಂಡಿದ್ದರು. 24ರಂದು ದೆಹಲಿಯಲ್ಲಿ ಇಂದಿರಾ ಗಾಂಧಿ ಪ್ರಮಾಣ ವಚನ ಸ್ವೀಕರಿಸುವುದಿತ್ತು. ಅದೇ ದಿನ ಬೆಳಿಗ್ಗೆ ಕಾಂಚನಜುಂಗಾ ದೆಹಲಿ, ಬೇರೂತ್ ದಾಟಿ ಜಿನೀವಾದತ್ತ ಇಳಿಯುತ್ತಿತ್ತು.

ಭಾಭಾ ವಿಯೆನ್ನಾದಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಸಭೆಗೆ ಹೊರಟಿದ್ದರು. ಬಾಂಬೆಯಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದ ಅವರು 1939ರಲ್ಲಿ ರಜೆಗೆ ಬಂದಾಗ ಯುದ್ಧ ಶುರುವಾಗಿ ಇಲ್ಲೇ ಉಳಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅವರನ್ನು ಕರೆಸಿಕೊಂಡಿತು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಶುರುವಾದದ್ದು ಬೆಂಗಳೂರಿನಲ್ಲೇ, ಅದು ಬಾಂಬೆಗೆ ಹೋದದ್ದು ಅದೇ ವರ್ಷದ ಕೊನೆಗೆ. ಮುಂದೆ ಟ್ರಾಂಬೆಯಲ್ಲಿ ಅಣುಶಕ್ತಿ ಕೇಂದ್ರ ಎದ್ದಿತು, 1956ರಲ್ಲಿ ‘ಅಪ್ಸರಾ’ ರಿಯಾಕ್ಟರ್ ಕೆಲಸ ಶುರುಮಾಡಿತು. ಆ ಬೆಳಿಗ್ಗೆ ಭಾಭಾ ಅವರ ವಯಸ್ಸು 56.

ಮೋಡದ ಮೇಲೆ ಹಾರುವ ಪೈಲಟ್ ತಾನೆಲ್ಲಿದ್ದೇನೆ ಎಂದು ತಿಳಿಯುವುದು ಹೇಗೆ? ಆಗ ಅದಕ್ಕೆ ವಿಓಆರ್ ಎಂಬ ಉಪಕರಣವಿತ್ತು. ನೆಲದ ಮೇಲಿನ ರೇಡಿಯೋ ಕೇಂದ್ರದಿಂದ ವಿಮಾನ ಯಾವ ದಿಕ್ಕಿನಲ್ಲಿದೆ ಎಂದು ಅದು ತೋರಿಸುತ್ತದೆ. ಒಂದು ಕೇಂದ್ರದಿಂದ ಒಂದು ಗೆರೆ ಸಿಗುತ್ತದೆ, ಎರಡು ಕೇಂದ್ರಗಳ ಗೆರೆಗಳು ಕೂಡುವ ಕಡೆ ವಿಮಾನ ಇರುತ್ತದೆ. ಅದಕ್ಕೇ ವಿಮಾನದಲ್ಲಿ ಎರಡು ವಿಓಆರ್ ಇರುತ್ತಿದ್ದವು. ಕಾಂಚನಜುಂಗಾ ಬೇರೂತ್ ಬಿಡುವಾಗಲೇ ಅವುಗಳಲ್ಲಿ ಒಂದು ಕೆಟ್ಟಿತ್ತು. ಹೀಗಾಗಿ ದಾರಿಯ ಗೆರೆ ಗೊತ್ತಿದ್ದರೂ ಆ ಗೆರೆಯ ಮೇಲೆ ಎಷ್ಟು ದೂರ ಬಂದಿದ್ದೇವೆ ಎನ್ನುವುದು ಅಂದಾಜಿಗೆ ಬಿಟ್ಟಿದ್ದಾಗಿತ್ತು.

ವಿಮಾನ 19,000 ಅಡಿಯಲ್ಲಿತ್ತು. ಶಿಖರ 15,770 ಅಡಿ. ಅದೇ ಎತ್ತರದಲ್ಲಿ ಇರಿ, ಮೋಡದಿಂದ ಸಾವಿರ ಅಡಿ ಮೇಲೆ ಕಣ್ಣಿಗೆ ದಾರಿ ಕಾಣುವಂತಿದ್ದರೆ ಮಾತ್ರ ಇಳಿಯಬಹುದು ಎಂದು ಜಿನೀವಾದ ನಿಯಂತ್ರಕರು ಹೇಳಿದ್ದರು. ಪೈಲಟ್, ನಾವು ಮೋಡದಿಂದ ಸಾವಿರ ಅಡಿ ಮೇಲೇ ಇದ್ದೇವೆ, ಮಾಂಟ್ ಬ್ಲಾಂಕ್ ಪಕ್ಕದಲ್ಲಿ ಹಾದುಹೋಗುತ್ತಿದ್ದೇವೆ ಎಂದರು. ರೇಡಾರ್ ನೋಡುತ್ತಿದ್ದ ನಿಯಂತ್ರಕರಿಗೆ ಅದು ತಪ್ಪೆಂದು ಕಾಣಿಸಿತು. ತಿದ್ದಲೆಂದೇ ಅವರು ಹೇಳಿದರು: ನಿಮಗೆ ಮಾಂಟ್ ಬ್ಲಾಂಕ್‌ಗೆ ಐದು ಮೈಲಿ ಇದೆ. ಉತ್ತರ ಬಂತು: ರಾಜರ್. ವಿಮಾನ ಇಳಿಯುತ್ತಲೇ ಹೋಯಿತು. ಬಡಿದದ್ದು ಸುಮಾರು 4,750 ಮೀಟರಿನಲ್ಲಿ, ತುದಿಗಿಂತ ಅರವತ್ತು ಮೀಟರಿನಷ್ಟು ಕೆಳಗೆ. 1950ರ ಟೂರ್ನೆಟ್ ಬಂಡೆಗಳ ಹತ್ತಿರವೇ.

ಫ್ರೆಂಚ್ ತನಿಖಾ ಆಯೋಗ ಹೇಳಿದ್ದು ಇಷ್ಟು: ಪೈಲಟ್ ತಮ್ಮ ಜಾಗವನ್ನು ತಪ್ಪಾಗಿ ಅಂದಾಜು ಮಾಡಿದರು. ನಿಯಂತ್ರಕರು ಆ ತಪ್ಪನ್ನು ಸರಿಯಾಗಿ ಹಿಡಿದರು, ತಿದ್ದಲು ಸಾಕೆಂದು ತಮಗೆ ಅನಿಸಿದ ಮಾತನ್ನೂ ಹೇಳಿದರು. ಆದರೆ ಆ ಮಾತು ಸಾಕಷ್ಟು ನಿಖರವಾಗಿರಲಿಲ್ಲ. ಪೈಲಟ್ ಅದನ್ನು ಬೇರೆಯಾಗಿ ತಿಳಿದು, ಶಿಖರದ ಸಾಲನ್ನು ದಾಟಿದ್ದೇವೆಂಬ ನಂಬಿಕೆಯಲ್ಲೇ ಇಳಿದರು.

ಇದು ಹೇಗೆ ಸಾಧ್ಯ ಎನಿಸಬಹುದು. ಮುಂಬೈ ಲೋಕಲ್‌ನಲ್ಲಿ ನಿಂತು ಮನೆಗೆ ಫೋನ್ ಮಾಡುವವರನ್ನು ಕೇಳಿಸಿಕೊಂಡರೆ ಅರ್ಥವಾಗುತ್ತದೆ. ‘ಅಂಧೇರಿ, ಐದು ನಿಮಿಷ’ ಎನ್ನುತ್ತಾರೆ. ಅಂಧೇರಿ ಬರಲು ಐದು ನಿಮಿಷವೋ, ಬಿಟ್ಟು ಐದು ನಿಮಿಷವೋ? ಬೋರಿವಲಿಯಲ್ಲಿ ಕಾಯುವವರು ತಮಗೆ ತೋಚಿದಂತೆ ತಿಳಿದುಕೊಳ್ಳುತ್ತಾರೆ. ಕನ್ನಡದಲ್ಲಂತೂ ‘ಬಂದೆ’ ಎಂದವರು ಇನ್ನೂ ಚಪ್ಪಲಿ ಹಾಕಿರುವುದಿಲ್ಲ, ‘ಸ್ಟೇಷನ್ ಬಂತು’ ಎಂದಾಗ ಸ್ಟೇಷನ್ ಇನ್ನೂ ಬಂದಿರುವುದಿಲ್ಲ. ಆಗಿಹೋದದ್ದರ ರೂಪದಲ್ಲೇ ಆಗಲಿರುವುದನ್ನು ಹೇಳುವುದು ನಮಗೆ ಸಹಜ. ಮಾತಿನ ಕೊರತೆಯನ್ನು ಕೇಳುವವರ ನಂಬಿಕೆ ತುಂಬಿಕೊಡುತ್ತದೆ. ಬೆಟ್ಟ ಪಕ್ಕದಲ್ಲಿದೆ ಎಂದು ನಂಬಿದವರಿಗೆ ‘ಐದು ಮೈಲಿ’ ಪಕ್ಕದ ಐದು ಮೈಲಿಯಾಗಿಯೂ ಕೇಳಿಸಬಹುದು. ‘ಬೆಟ್ಟ ಇನ್ನೂ ನಿಮ್ಮ ಮುಂದೆ ಇದೆ, ಇಳಿಯಬೇಡಿ’ ಎಂದಿದ್ದರೆ ಬೇರೆ ಅರ್ಥಕ್ಕೆ ಜಾಗವೇ ಇರುತ್ತಿರಲಿಲ್ಲ.

‘ರಾಜರ್’ ಎಂಬ ಉತ್ತರವೂ ಅಂಥದ್ದೇ. ಇಂಗ್ಲಿಷಿನಲ್ಲಿ ‘ಸಂದೇಶ ತಲುಪಿತು’ ಎನ್ನುವ ಪದದ ಮೊದಲ ಅಕ್ಷರಕ್ಕೆ ರೇಡಿಯೋದವರು ಇಟ್ಟಿದ್ದ ಹೆಸರು ಅದು. ತಲುಪಿತು ಎಂದಷ್ಟೇ ಅದರ ಅರ್ಥ, ಅರ್ಥವಾಯಿತು ಎಂದಲ್ಲ. ಫೋನಿನಲ್ಲಿ ನಾವು ಹೇಳುವ ‘ಹ್ಞೂಂ’ ಹೀಗೆಯೇ. ಕೇಳಿಸುತ್ತಿದೆ ಎಂಬ ಹ್ಞೂಂ, ಒಪ್ಪಿದೆ ಎಂಬ ಹ್ಞೂಂ ಎರಡೂ ಒಂದೇ ಥರ.

ಇಷ್ಟು ಸಣ್ಣ ಕಾರಣವನ್ನು ಒಪ್ಪುವುದು ಕಷ್ಟ. ದೊಡ್ಡ ಸಾವಿಗೆ ದೊಡ್ಡ ಕಾರಣ ಬೇಕೆನಿಸುತ್ತದೆ. ಭಾರತ ಬಯಸಿದರೆ ಹದಿನೆಂಟು ತಿಂಗಳಲ್ಲಿ ಅಣುಬಾಂಬ್ ಮಾಡಬಲ್ಲದು ಎಂದು ಭಾಭಾ ಹೇಳಿದ್ದರು. ಆಮೇಲೆ ಅವರು ಸತ್ತರು. ಅಮೆರಿಕದ ಗುಪ್ತಚರರ ಕೈವಾಡವೆಂಬ ಮಾತು ಅಲ್ಲಿಂದ ಬೆಳೆಯಿತು, ಅದನ್ನು ಗಟ್ಟಿಯಾಗಿ ತೋರಿಸುವ ಪುರಾವೆ ಇದುವರೆಗೆ ಬಂದಿಲ್ಲ. ಸಂಚಿನ ಕಥೆಗೆ ಇನ್ನೊಂದು ತೊಂದರೆಯೂ ಇದೆ. ಅದು ಭಾಭಾ ಒಬ್ಬರ ಸಾವನ್ನು ಮಾತ್ರ ವಿವರಿಸುತ್ತದೆ. ಅದೇ ಬಂಡೆಗಳ ಮೇಲೆ 1950ರಲ್ಲಿ ಸತ್ತ ಹಡಗು ಕೆಲಸಗಾರರನ್ನು ಕೊಲ್ಲಲು ಯಾರಿಗೂ ಕಾರಣವಿರಲಿಲ್ಲ. ಚಳಿಗಾಲದ ಮೋಡ, ತಪ್ಪಿದ ಜಾಗ, ಮುಂದೆ ಬೆಟ್ಟ: ಇಷ್ಟೇ ಎರಡೂ ಸಾವುಗಳಿಗೆ ಸಮನಾಗಿ ಹೊಂದುವ ವಿವರಣೆ.

ಅಮೆರಿಕದ ವಿಮಾನಗಳಿಗೆ ಮಾತ್ರ ಹೀಗಾಗಲಿಲ್ಲ. ಭಾರತದ ಆಕಾಶದಲ್ಲಿ ಸೋವಿಯತ್ ವಿಮಾನಗಳ ಕಾಲವೂ ಅದೇ ಪಾಠ ಹೇಳಿತು. 1968ರ ಫೆಬ್ರವರಿ 7ರಂದು ವಾಯುಪಡೆಯ ಆಂಟನೊವ್-12 ವಿಮಾನ ಚಂಡೀಗಢದಿಂದ ಲೇಹ್‌ಗೆ ಹೊರಟಿತ್ತು. ಹವಾಮಾನ ಕೆಟ್ಟು ಹಿಂದಿರುಗುವಾಗ ರೋಹ್ತಾಂಗ್ ಕಣಿವೆಯ ಬಳಿ 102 ಜನರೊಂದಿಗೆ ಮಾಯವಾಯಿತು. 2003ರಲ್ಲಿ ಪರ್ವತಾರೋಹಿಗಳು ಅದರ ಅವಶೇಷ ಕಂಡರು. 2024ರಲ್ಲೂ ಅಲ್ಲಿಂದ ಸೈನಿಕರ ದೇಹಗಳು ಊರಿಗೆ ಬಂದವು, ಹೋದ ಐವತ್ತಾರು ವರ್ಷದ ನಂತರ.

1993ರ ಜನವರಿ 9ರಂದು, ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳ ಮುಷ್ಕರದ ದಿನಗಳಲ್ಲಿ, ಉಜ್ಬೇಕಿಸ್ತಾನದಿಂದ ಬಾಡಿಗೆಗೆ ತಂದಿದ್ದ ಟುಪೊಲೆವ್-154 ದೆಹಲಿಯ ದಟ್ಟ ಮಂಜಿನಲ್ಲಿ ರನ್‌ವೇ ತಪ್ಪಿ ಇಳಿದು ಮಗುಚಿ ಬಿತ್ತು, ಬೆಂಕಿ ಹೊತ್ತಿತು. ಅದರಲ್ಲಿದ್ದ 165 ಜನರೂ ಬದುಕಿದ್ದು ಅದೃಷ್ಟ. ಮೂರು ವರ್ಷದ ನಂತರ ಆ ಅದೃಷ್ಟ ಇರಲಿಲ್ಲ. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರಖಿ ದಾದ್ರಿಯ ಮೇಲೆ ಕಝಾಕಿಸ್ತಾನದ ಇಲ್ಯೂಶಿನ್-76 ಮತ್ತು ಸೌದಿಯ ಬೋಯಿಂಗ್ 747 ಡಿಕ್ಕಿಯಾಗಿ 349 ಜನ ಸತ್ತರು. ಕಝಾಕ್ ವಿಮಾನ 15,000 ಅಡಿಯಲ್ಲಿ ನಿಲ್ಲಬೇಕಿತ್ತು, ಅದಕ್ಕಿಂತ ಕೆಳಗಿಳಿದಿತ್ತು. ನೆಲದೊಂದಿಗೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವರು ಪೈಲಟ್ ಅಲ್ಲ, ರೇಡಿಯೋ ಆಪರೇಟರ್. ಸೋವಿಯತ್ ಪದ್ಧತಿ ಅದು. ಎತ್ತರ ತೋರಿಸುವ ಮೀಟರ್ ಅವರ ಮುಂದೆ ಇರಲಿಲ್ಲ. ಮೀಟರಿನಲ್ಲಿ ಲೆಕ್ಕ ಹಾಕಿ ಕಲಿತವರಿಗೆ ಅಡಿಯಲ್ಲಿ ಅಪ್ಪಣೆ ಬರುತ್ತಿತ್ತು. ಅಲ್ಲಿಯೂ ನೆಲದಿಂದ ಹೊರಟ ಮಾತು ಸರಿಯಾಗಿತ್ತು, ಅದು ವಿಮಾನ ನಡೆಸುವ ಕೈಯನ್ನು ಸರಿಯಾಗಿ ಮುಟ್ಟಲಿಲ್ಲ.

ಈ ಸಾವುಗಳಿಂದ ಆಕಾಶದ ಭಾಷೆ ನಿಧಾನವಾಗಿ ಬದಲಾಯಿತು. ಇಂದು ಎತ್ತರ, ದಿಕ್ಕು ಕುರಿತ ಅಪ್ಪಣೆಗೆ ಬರಿಯ ‘ರಾಜರ್’ ಸಾಲದು, ಪೈಲಟ್ ಆ ಸಂಖ್ಯೆಯನ್ನು ತಿರುಗಿ ಹೇಳಬೇಕು, ನಿಯಂತ್ರಕರು ಅದನ್ನು ಕೇಳಿ ತಾಳೆ ನೋಡಬೇಕು. ಮುಂದೆ ನೆಲ ಬಂದರೆ ವಿಮಾನವೇ ಕೂಗಿ ಎಚ್ಚರಿಸುವ ಯಂತ್ರ 1970ರ ದಶಕದಿಂದ ಬಂತು. ಎದುರಿಗೆ ಬರುವ ವಿಮಾನವನ್ನು ಗುರುತಿಸುವ ಸಾಧನವನ್ನು ಚರಖಿ ದಾದ್ರಿಯ ನಂತರ ಭಾರತ ಕಡ್ಡಾಯ ಮಾಡಿತು. 2008ರಿಂದ ಅಂತರರಾಷ್ಟ್ರೀಯ ಪೈಲಟ್‌ಗಳು, ನಿಯಂತ್ರಕರು ಇಂಗ್ಲಿಷ್ ಮಾತಾಡಿ ಅರ್ಥಮಾಡಿಕೊಳ್ಳಬಲ್ಲೆವೆಂದು ಪರೀಕ್ಷೆ ಕೊಟ್ಟು ತೋರಿಸಬೇಕು. ಸಂಚೇ ಕಾರಣವೆಂದು ಕೈಕಟ್ಟಿ ಕೂತಿದ್ದರೆ ಇವು ಯಾವುದೂ ಆಗುತ್ತಿರಲಿಲ್ಲ. ತಪ್ಪು ಸಣ್ಣದೆಂದು ಒಪ್ಪಿದ್ದರಿಂದಲೇ ಅದನ್ನು ತಿದ್ದಲು ಸಾಧ್ಯವಾಯಿತು.

ಟ್ರಾಂಬೆಯ ಕೇಂದ್ರಕ್ಕೆ 1967ರಲ್ಲಿ ಭಾಭಾ ಅವರ ಹೆಸರು ಬಂತು. ಮುಂಬೈಯ ರಸ್ತೆ, ಸಂಸ್ಥೆಗಳಲ್ಲಿ ಆ ಹೆಸರು ದಿನವೂ ಕಣ್ಣಿಗೆ ಬೀಳುತ್ತದೆ. ಇತ್ತ ಬೋಸೋಂ ಹಿಮನದಿ ತನ್ನ ಲೆಕ್ಕ ತಾನು ಒಪ್ಪಿಸುತ್ತಿದೆ. ಮೇಲೆ ಬಿದ್ದ ಹಿಮ ಒತ್ತಿ ಗಡ್ಡೆಯಾಗಿ ವರ್ಷವರ್ಷವೂ ಇಳಿಜಾರಿನಲ್ಲಿ ಸರಿಯುತ್ತ, ತನ್ನೊಳಗೆ ಸೇರಿದ್ದನ್ನು ಕೆಳಗೆ ತಂದು ಕರಗಿ ಬಿಟ್ಟುಕೊಡುತ್ತದೆ. 2012ರಲ್ಲಿ ಭಾರತದ ವಿದೇಶಾಂಗ ಸಚಿವಾಲಯದ ಅಂಚೆ ಚೀಲ ಸಿಕ್ಕಿತು. 2013ರಲ್ಲಿ ಪಚ್ಚೆ, ನೀಲ, ಕೆಂಪು ತುಂಬಿದ ಡಬ್ಬಿ ಸಿಕ್ಕಿತು. ಕಂಡ ಯುವಕ ಅದನ್ನು ಪೊಲೀಸರಿಗೆ ಒಪ್ಪಿಸಿದ, 2021ರಲ್ಲಿ ಅವನಿಗೂ ಊರಿಗೂ ಅರ್ಧರ್ಧ ಪಾಲಾಯಿತು. 2017ರಲ್ಲಿ ಮನುಷ್ಯರ ಕೈ, ಕಾಲಿನ ಭಾಗಗಳು ಸಿಕ್ಕವು.

ಹಿಮನದಿ ಒಪ್ಪಿಸುವಾಗ ವರ್ಷ ಬರೆದು ಕೊಡುವುದಿಲ್ಲ. 1950ರದ್ದೂ 1966ರದ್ದೂ ಒಂದೇ ದಾರಿಯಲ್ಲಿ ಕೆಳಗಿಳಿಯುತ್ತವೆ. ಆ ಕೈ ವಿಜ್ಞಾನಿಗಳ ಸಭೆಗೆ ಹೊರಟವರದೋ, ಇಂಗ್ಲೆಂಡಿನ ಬಂದರಿನಲ್ಲಿ ಹಡಗು ಹತ್ತಬೇಕಿದ್ದವರದೋ, ನೋಡಿ ಹೇಳುವಂತಿಲ್ಲ.