ಎರಡು ಟೆಲಿಫೋನುಗಳ ಊರು

ವರ್ತಕನೊಬ್ಬನ ಅಂಗಡಿಯ ಗೋಡೆಯ ಮೇಲೆ ಎರಡು ಟೆಲಿಫೋನುಗಳು ಪಕ್ಕಪಕ್ಕದಲ್ಲಿವೆ. ಒಂದು ಒಂದು ಕಂಪೆನಿಯದು; ಮತ್ತೊಂದು ಅದರ ಪ್ರತಿಸ್ಪರ್ಧಿಯದು. ಒಂದರ ತಂತಿಗೂ ಇನ್ನೊಂದರ ತಂತಿಗೂ ಯಾವ ಸಂಬಂಧವೂ ಇಲ್ಲ. ಡಾಕ್ಟರ ಮನೆಗೆ ಮಾತನಾಡಬೇಕಾದರೆ ಎಡಗಡೆಯದನ್ನು ಎತ್ತಬೇಕು. ಹಿಟ್ಟಿನ ಗಿರಣಿಯವರೊಡನೆ ಮಾತನಾಡಬೇಕಾದರೆ ಬಲಗಡೆಯದನ್ನು. ಎರಡಕ್ಕೂ ಬಾಡಿಗೆ ತೆರತಕ್ಕವನು ಮಾತ್ರ ಒಬ್ಬನೇ. ಇದನ್ನು ಶ್ರೋತೃಗಳು ಕಟ್ಟುಕಥೆಯೆಂದು ಭಾವಿಸಬಾರದು. 1904ರ ವೇಳೆಗೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಐದು ಸಾವಿರಕ್ಕೆ ಮೇಲ್ಪಟ್ಟ ಜನವಸತಿಯುಳ್ಳ ಪಟ್ಟಣಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಎರಡು ಕಂಪೆನಿಗಳು ಎದುರುಬದುರಾಗಿ ನಿಂತಿದ್ದುವು.

ಇದಕ್ಕೆ ಕಾರಣವನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಅಲೆಕ್ಸಾಂಡರ್ ಗ್ರಹಾಂ ಬೆಲ್ ಮಹಾಶಯನಿಗೆ ಟೆಲಿಫೋನಿನ ಪೇಟೆಂಟು ದೊರೆತದ್ದು 1876ರಲ್ಲಿ. ಅದಕ್ಕೆ ಪೂರಕವಾದ ಎರಡನೆಯದು ಮರುವರ್ಷ. ಹದಿನೇಳು ವರ್ಷಗಳ ಕಾಲ ಬೆಲ್ ಕಂಪೆನಿಯ ಹೊರತು ಬೇರೆ ಯಾರೂ ಆ ವ್ಯಾಪಾರಕ್ಕೆ ಕೈಹಾಕುವಂತಿರಲಿಲ್ಲ. ದರ ಹೆಚ್ಚಾಗಿದ್ದಿತು, ಸೇವೆ ದೊಡ್ಡ ನಗರಗಳ ವರ್ತಕರಿಗೆ ಮೀಸಲಾದಂತೆ ಇದ್ದಿತು. ಹಳ್ಳಿಯ ಕಡೆಗೆ ತಂತಿ ಎಳೆಯುವುದು ಲಾಭದ ಕೆಲಸವಲ್ಲವೆಂದು ಕಂಪೆನಿಯವರ ಲೆಕ್ಕಾಚಾರ.

1893–94ರಲ್ಲಿ ಈ ಪೇಟೆಂಟುಗಳ ಅವಧಿ ಮುಗಿಯಿತು. ಕಟ್ಟೆಯೊಡೆದ ಕೆರೆಯಂತೆ ಸ್ವತಂತ್ರ ಕಂಪೆನಿಗಳು ಸಾವಿರಾರು ಸಂಖ್ಯೆಯಲ್ಲಿ ಹುಟ್ಟಿಕೊಂಡುವು. ಬಯಲುಸೀಮೆಯ ಒಕ್ಕಲಿಗರು ಯಾರನ್ನೂ ಕಾಯಲಿಲ್ಲ. ಹೊಲಗಳ ಸುತ್ತಣ ಮುಳ್ಳುತಂತಿಯ ಬೇಲಿಯನ್ನೇ ಟೆಲಿಫೋನು ತಂತಿಯನ್ನಾಗಿ ಮಾಡಿಕೊಂಡರು! ಒಂದೇ ತಂತಿಯ ಮೇಲೆ ಹತ್ತಾರು ಮನೆಗಳು. ಇಂಥವರಿಗೆ ಇಷ್ಟು ಸಲ ಗಂಟೆ ಎಂಬ ಗೊತ್ತು. ಯಾರ ಮನೆಯಲ್ಲಿ ಗಂಟೆ ಬಾರಿಸಿದರೂ ಮಿಕ್ಕವರೆಲ್ಲ ಕಿವಿಗೊಡುವುದು ವಾಡಿಕೆ. ನಮ್ಮ ಹಳ್ಳಿಯ ಜಗಲಿಗಿಂತ ಅದೇನೂ ಭಿನ್ನವಾಗಿರಲಿಲ್ಲ. ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯಾಪಾರ ನಡೆಸುತ್ತಿದ್ದ ಸ್ಟ್ರೌಜರ್ ಎಂಬಾತನು ನಡುವೆ ಯಾರೂ ಕೂತು ತಂತಿ ಜೋಡಿಸಬೇಕಾಗಿಲ್ಲದ ಸ್ವಯಂಚಾಲಿತ ಯಂತ್ರವನ್ನು ಕಲ್ಪಿಸಿ 1891ರಲ್ಲಿ ಪೇಟೆಂಟು ಪಡೆದನು. ಸ್ವತಂತ್ರ ಕಂಪೆನಿಗಳು ಅದನ್ನು ಬೇಗನೆ ಬಳಕೆಗೆ ತಂದುವು. ಬೆಲ್ ಸಂಸ್ಥೆಯವರು ಮನಸ್ಸುಮಾಡಿದ್ದು 1919ರಲ್ಲಿ. 1907ರ ಹೊತ್ತಿಗೆ ಆ ದೇಶದಲ್ಲಿ ಸುಮಾರು 60 ಲಕ್ಷ ಟೆಲಿಫೋನುಗಳಿದ್ದು, ಹತ್ತಿರ ಹತ್ತಿರ ಅರ್ಧದಷ್ಟು ಬೆಲ್ ಸಂಸ್ಥೆಗೆ ಸೇರದವುಗಳಾಗಿದ್ದುವು. ಎರಡೆರಡು ಬಾಡಿಗೆಯ ಕಷ್ಟವನ್ನು ಬರೆದಿಟ್ಟವರು ಬಹುಮಂದಿ. ಆದರೆ ಒಕ್ಕಲಿಗನ ಮನೆಗೆ ಟೆಲಿಫೋನು ಬಂದದ್ದು ಆ ಪೈಪೋಟಿಯ ದೆಸೆಯಿಂದಲೇ ಎಂಬುದನ್ನು ಅಷ್ಟಾಗಿ ನೆನೆಯುವವರಿಲ್ಲ.

ಅದೇ 1907ರಲ್ಲಿ ಥಿಯೊಡೋರ್ ವೇಲ್ ಎಂಬಾತನು ಬೆಲ್ ಸಂಸ್ಥೆಯ ಅಧ್ಯಕ್ಷಪದವಿಗೆ ಮರಳಿ ಬಂದನು. ಈತನು ಚತುರ. ದೇಶಕ್ಕೆಲ್ಲ ಒಂದೇ ವ್ಯವಸ್ಥೆ ಇರಲಿ, ಆ ವ್ಯವಸ್ಥೆ ಸರ್ವರಿಗೂ ದೊರೆಯಲಿ ಎಂದು ಸಾರಿದನು. ಏಕಸ್ವಾಮ್ಯದಿಂದ ಜನಕ್ಕೆ ಅನ್ಯಾಯವಾಗದೆ? ಅದಕ್ಕೂ ಆತನಲ್ಲಿ ಉತ್ತರವಿದ್ದಿತು: ದರಗಳನ್ನು ಸರ್ಕಾರದ ಆಯೋಗಗಳು ನೋಡಿಕೊಳ್ಳಲಿ. ಇತರ ಬಂಡವಳಗಾರರು ಸರ್ಕಾರದ ಹೆಸರೆತ್ತಿದರೆ ಬೆಚ್ಚುತ್ತಿದ್ದ ಕಾಲದಲ್ಲಿ ವೇಲನು ಕಡಿವಾಣವನ್ನು ತಾನೇ ಕೈಯಲ್ಲಿ ಹಿಡಿದು ತಂದುಕೊಟ್ಟನು. ಕಡಿವಾಣ ಹಾಕಿಸಿಕೊಂಡ ಕುದುರೆಗೆ ಲಾಯವೂ ಮೇವೂ ಖಾತರಿಯೆಂಬುದು ಆತನಿಗೆ ತಿಳಿದಿದ್ದಿತು.

1913ರ ಡಿಸೆಂಬರ್ 19ರಂದು ಸಂಸ್ಥೆಯ ಉಪಾಧ್ಯಕ್ಷ ಕಿಂಗ್ಸ್‌ಬರಿಯು ಸರ್ಕಾರಕ್ಕೆ ಒಂದು ಕಾಗದ ಬರೆದನು. ವೆಸ್ಟರ್ನ್ ಯೂನಿಯನ್ ಎಂಬ ತಂತಿವರ್ತಮಾನದ ಕಂಪೆನಿಯಲ್ಲಿನ ಷೇರುಗಳನ್ನು ಮಾರಿಬಿಡುವುದಾಗಿಯೂ, ಪ್ರತಿಸ್ಪರ್ಧಿಗಳನ್ನು ಇಷ್ಟಬಂದಂತೆ ಕೊಂಡುಕೊಳ್ಳುವುದಿಲ್ಲವೆಂದೂ, ಸ್ವತಂತ್ರ ಕಂಪೆನಿಗಳಿಗೆ ತನ್ನ ದೂರದ ತಂತಿಗಳನ್ನು ತೆರೆಯುವುದಾಗಿಯೂ ಅದರಲ್ಲಿ ಒಪ್ಪಿಕೊಂಡಿದ್ದಿತು. ಜನ ಇದನ್ನು ಪೈಪೋಟಿಯ ಗೆಲುವೆಂದು ಕೊಂಡಾಡಿದರು. ನನಗೆ ಹಾಗೆ ತೋರುವುದಿಲ್ಲ. ಒಂದೇ ಊರಿನ ಎರಡು ಎಕ್ಸ್‌ಚೇಂಜುಗಳು ಪರಸ್ಪರ ಜೋಡಣೆಯಾಗಬೇಕೆಂದು ಆ ಕಾಗದದಲ್ಲಿ ಎಲ್ಲಿಯೂ ಇಲ್ಲ. ನಮ್ಮ ವರ್ತಕನ ಗೋಡೆಯ ಮೇಲಿನ ಎರಡು ಟೆಲಿಫೋನುಗಳು ಎರಡಾಗಿಯೇ ಉಳಿದುವು. ಬೇಸತ್ತ ಜನರು ಕಂಪೆನಿಗಳು ಒಂದಾಗಲೆಂದು ತಾವೇ ಕೇಳತೊಡಗಿದರು. 1921ರ ಶಾಸನವು ಅಂತಹ ವಿಲೀನಕ್ಕೆ ದಾರಿ ಬಿಟ್ಟಿತು. ಎರಡು ತಂತಿಗಳನ್ನು ಗಂಟುಹಾಕುವ ಬದಲು ಎರಡು ಕಂಪೆನಿಗಳನ್ನೇ ಗಂಟುಹಾಕಿದಂತಾಯಿತು.

ಅಲ್ಲಿಂದ ಮುಂದೆ ಆಯೋಗಗಳ ಕಾಲ. ಹೂಡಿದ ಬಂಡವಳವೆಷ್ಟೆಂದು ಲೆಕ್ಕಹಾಕಿ, ಅದಕ್ಕೆ ನ್ಯಾಯವಾದ ಪ್ರತಿಫಲ ಬರುವಂತೆ ದರ ಗೊತ್ತುಮಾಡುವುದು ಪದ್ಧತಿ. ಕೇಳುವುದಕ್ಕೆ ಸೊಗಸು. ಆದರೆ ಬಂಡವಳ ಬೆಳೆದಷ್ಟೂ ಪ್ರತಿಫಲ ಬೆಳೆಯುವುದಾದರೆ ಮಿತವ್ಯಯದ ಮೇಲೆ ಯಾರಿಗೆ ಆಸೆ? ಲೆಕ್ಕದ ಪುಸ್ತಕಗಳು ಕಂಪೆನಿಯ ಕೈಯಲ್ಲಿ. ಅವನ್ನು ಪರೀಕ್ಷಿಸತಕ್ಕ ಅಧಿಕಾರಿಗಳೋ ಬೆರಳೆಣಿಕೆಯವರು. ಮಾತು ಪಕ್ಕದವರಿಗೆ ಕೇಳಿಸದಂತೆ ಟೆಲಿಫೋನಿನ ಬಾಯಿಗೆ ಸಿಕ್ಕಿಸುವ 'ಹಷ್-ಎ-ಫೋನ್' ಎಂಬ ಬಟ್ಟಲಿನಂತಹ ಉಪಕರಣವನ್ನೂ ಕಂಪೆನಿ ನಿಷೇಧಿಸಿತು. ಕೇಂದ್ರದ ಆಯೋಗವೂ ಅದಕ್ಕೆ ತಲೆದೂಗಿತು! 1956ರಲ್ಲಿ ನ್ಯಾಯಾಲಯವು ಆ ತೀರ್ಮಾನವನ್ನು ತಳ್ಳಿಹಾಕಿತು. 1968ರಲ್ಲಿ ಕಾರ್ಟರ್ ಎಂಬಾತನ ರೇಡಿಯೋ ಉಪಕರಣದ ವ್ಯಾಜ್ಯದಲ್ಲಿ ಆಯೋಗವೇ, ಜಾಲಕ್ಕೆ ಕೆಡಕು ಮಾಡದ ಅನ್ಯರ ಸಲಕರಣೆಯನ್ನು ಕಂಪೆನಿ ತಡೆಯಕೂಡದೆಂದು ಹೇಳಿತು. 1974ರಲ್ಲಿ ಸರ್ಕಾರವು ಹೂಡಿದ ಮೊಕದ್ದಮೆಯು ರಾಜಿಯಾಗಿ, 1984ರ ಜನವರಿ 1ರಂದು ಸ್ಥಳೀಯ ಸೇವೆಯು ದೂರದ ಸೇವೆಯಿಂದ ಬೇರ್ಪಟ್ಟು ಏಳು ಪ್ರಾಂತೀಯ ಕಂಪೆನಿಗಳ ಪಾಲಾಯಿತು.

ಒಂದು ಕಂಪೆನಿಯ ಚಂದಾದಾರನು ಮತ್ತೊಂದರ ಚಂದಾದಾರನೊಡನೆ ಮಾತನಾಡುವಂತೆ ಎಲ್ಲ ಕಂಪೆನಿಗಳೂ ತಮ್ಮ ಜಾಲಗಳನ್ನು ಜೋಡಿಸತಕ್ಕದ್ದು ಎಂಬ ಸಾಮಾನ್ಯ ವಿಧಿಯು ಅಮೆರಿಕಾದ ಶಾಸನದಲ್ಲಿ ಸೇರಿದ್ದು 1996ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ವರ್ತಕನ ಅಂಗಡಿಯ ಎರಡನೆಯ ಟೆಲಿಫೋನನ್ನು ಗೋಡೆಯಿಂದ ಕಳಚಿ ಬಹುಕಾಲವಾಗಿದ್ದಿತು.